ಹತ್ತೊಂಬತ್ತು ಸೆಕೆಂಡು ಮೊದಲೇ ಬಂದ ಪೆನಾಲ್ಟಿ

ದೇವಕಿ ಆಂಟಿ ಬಟಾಣಿ ಸುಲಿಯುತ್ತಿದ್ದರು. ಎದುರಿಗೆ ಕೂತು ನಾನೂ ಸುಲಿಯುತ್ತಿದ್ದೆ. ನಮ್ಮಿಬ್ಬರ ನಡುವೆ ಹಳೇ ಪೇಪರಿನ ಮೇಲೆ ಐದು ಕಿಲೋ ಕಾಯಿ ಗುಡ್ಡೆಯಾಗಿ ಬಿದ್ದಿತ್ತು. ಜನವರಿ ಬಂದರೆ ದೆಹಲಿಯ ಕಿದ್ವಾಯಿ ನಗರದ ಎಲ್ಲ ಮನೆಗಳ ಬಾಲ್ಕನಿಯಲ್ಲೂ ಇದೇ ಕೆಲಸ. ಅಗ್ಗವಾದಾಗ ಸುಲಿದು ಫ್ರೀಜರಿಗೆ ತುಂಬಿಟ್ಟರೆ ಹೋಳಿ ಕಳೆಯುವವರೆಗೆ ಚಿಂತೆಯಿಲ್ಲ.

ಪ್ರತಿ ವರ್ಷ ಈ ಕೆಲಸಕ್ಕೆ ಕೂತಾಗ ಆಂಟಿಯ ಬಾಯಿ ನಿಲ್ಲುತ್ತಿರಲಿಲ್ಲ. ಈ ಸೋಮವಾರ ಕಾಳು ಸ್ಟೀಲ್ ಬೋಗುಣಿಗೆ ಬೀಳುವ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಹುಳು ಹಿಡಿದ ಕಾಳೊಂದನ್ನು ಅವರು ಒಳ್ಳೆಯ ಕಾಳಿನ ಜೊತೆ ಹಾಕಿದರು. ನಾನು ತೆಗೆದು ಸಿಪ್ಪೆಯ ಕಡೆ ಹಾಕಿದೆ. ಸ್ವಲ್ಪ ಹೊತ್ತಿಗೆ ಇನ್ನೊಂದು. ಅದನ್ನೂ ತೆಗೆದೆ. ಅವರಿಗೆ ಗೊತ್ತಾಗಲಿಲ್ಲ. ಅವರ ಕಣ್ಣು ಒಳಕೋಣೆಯ ಮುಚ್ಚಿದ ಬಾಗಿಲ ಮೇಲಿತ್ತು.

ಆ ಬಾಗಿಲ ಹಿಂದೆ ಅವರ ಮಗ ದಿಲೀಪಣ್ಣ ಮೂರು ದಿನದಿಂದ ಕೂತಿದ್ದ.

ಸಂಜೆ ಐದಕ್ಕೆ ಅವನು ಗುರುಗ್ರಾಮದ ಆಫೀಸಿಗೆ ಹೋಗಿ ತಪ್ಪೊಪ್ಪಿಗೆಗೆ ಸಹಿ ಹಾಕಬೇಕು. ಹಾಕದಿದ್ದರೆ ಕಂಪನಿ ಪೊಲೀಸರಿಗೆ ದೂರು ಕೊಡುತ್ತದೆ. ಇಟಲಿಯ ಯಾವುದೋ ಚಿಕ್ಕ ಊರಿನ ಫುಟ್‌ಬಾಲ್ ಪಂದ್ಯದಲ್ಲಿ ಆಗದೇ ಇದ್ದ ಪೆನಾಲ್ಟಿಯನ್ನು ದಿಲೀಪಣ್ಣ ಹತ್ತೊಂಬತ್ತು ಸೆಕೆಂಡು ಮೊದಲೇ ದಾಖಲೆಗೆ ಒತ್ತಿದ್ದ. ಹತ್ತೊಂಬತ್ತು ಸೆಕೆಂಡು ಆದಮೇಲೆ ಅದು ಆಯಿತು.

ದಿಲೀಪಣ್ಣನ ಅಪ್ಪ ಅಶ್ವತ್ಥನಾರಾಯಣ ಅಂಕಲ್ ಬಾಲ್ಕನಿಯ ಬಾಗಿಲಿಗೆ ಬಂದು ನಿಂತರು. ಸಚಿವಾಲಯಕ್ಕೆ ಅರ್ಧ ದಿನ ರಜೆ ಹಾಕಿದ್ದರೂ ಇಸ್ತ್ರಿ ಮಾಡಿದ ಪ್ಯಾಂಟು, ಜೇಬಿಗೆ ಪೆನ್ನು.

“ರತ್ನಾ, ನೀನಾದ್ರೂ ಅವನಿಗೆ ಬುದ್ಧಿ ಹೇಳು. ಸಹಿ ಹಾಕಿದ್ರೆ ಪೊಲೀಸ್ ಇಲ್ಲ ಅಂತ ಬರೆದುಕೊಟ್ಟಿದ್ದಾರೆ. ಹಾಕಿ ಮುಗಿಸ್ಲಿ.”

“ಮಾಡದೇ ಇದ್ದಿದ್ದಕ್ಕೆ ಸಹಿ ಹಾಕೋದಾ?” ಎಂದರು ಆಂಟಿ, ತಲೆ ಎತ್ತದೆ.

“ಮಾಡಿಲ್ಲ ಅಂತ ಅವನೇ ಹೇಳ್ತಿಲ್ವಲ್ಲೇ! ಕೇಳಿದ್ರೆ ಒಂದೇ ಮಾತು, ನೆನಪಿಲ್ಲ. ಇಪ್ಪತ್ತೆಂಟು ವರ್ಷದವನಿಗೆ ಏನು ಮರೆವು? ಯಾರು ನಂಬ್ತಾರೆ?”

ನಾನು ನಂಬಿದ್ದೆ. ಬಾಯಿಬಿಟ್ಟು ಹೇಳಲು ಆಗಲಿಲ್ಲ. ಈ ಮನೆಯಲ್ಲಿ ಏಳು ವರ್ಷ ಇದ್ದರೂ ಅಂಕಲ್ ದನಿ ಏರಿಸಿದರೆ ನನ್ನ ನಾಲಿಗೆ ಒಣಗುತ್ತದೆ. ಕೈ ಒರೆಸಿಕೊಂಡು ಎದ್ದೆ, ಒಳಕೋಣೆಯ ಬಾಗಿಲು ತಟ್ಟಿದೆ.

ದಿಲೀಪಣ್ಣ ಅರ್ಧ ಬಾಗಿಲು ತೆಗೆದ.

“ಆಫೀಸಿಗೆ ಹೋಗ್ತಿದ್ದೀನಿ ಅಣ್ಣ. ಕಚ್ಚಾ ದಾಖಲೆ ಪ್ರಿಂಟ್ ತೆಗೆದಿದ್ದೀನಿ. ಮಹಂತೇಶ್ ಸರ್ ಹತ್ರ ಮಾತಾಡ್ತೀನಿ.”

“ನೀನು? ಮಾತಾಡ್ತೀಯಾ?” ಅವನ ಮುಖದಲ್ಲಿ ಒಂದು ಕ್ಷಣ ನಗು ಬಂದು ಹೋಯಿತು. “ಬೇಡ ಕಣೇ. ನಿನ್ನ ಕೆಲಸಾನೂ ಹೋಗುತ್ತೆ.”

“ಆವತ್ತು ಕೂಗ್ತಾ ಇದ್ದಿದ್ದು ಯಾರು?”

“ಅಪೂರ್ವ. ಡ್ಯೂಟಿ ಶೀಟಿನಲ್ಲಿ ಇದೆಯಲ್ಲ.”

“ಪೂರ್ತಿ ಪಂದ್ಯ?”

ಅವನು ನನ್ನ ಮುಖ ನೋಡಿದ. ನಂತರ ಬಾಗಿಲಿನ ಚಿಲಕ ನೋಡಿದ.

“ನೆನಪಿಲ್ಲ ರತ್ನಾ. ಕಿವಿಗೆ ಬಿತ್ತು, ಕೈ ಒತ್ತಿತು.”

ಬಾಗಿಲು ಮುಚ್ಚಿಕೊಂಡಿತು.

*

ನಮ್ಮ ಕೆಲಸ ಗೊತ್ತಿದ್ದವರಿಗೆ ಆ ಮಾತು ವಿಚಿತ್ರವೆನಿಸುವುದಿಲ್ಲ.

ಎಲ್ಲೆಲ್ಲಿಯದೋ ಪಂದ್ಯಗಳ ವಿಡಿಯೋ ನಮ್ಮ ಆಫೀಸಿಗೆ ನೇರವಾಗಿ ಬರುತ್ತದೆ. ದೊಡ್ಡ ಕ್ಲಬ್ಬುಗಳದ್ದಲ್ಲ. ಒಂದೇ ಕ್ಯಾಮೆರಾ, ಗ್ಯಾಲರಿಯಲ್ಲಿ ಇನ್ನೂರು ಜನ ಇರುವಂಥ ಊರುಗಳದ್ದು. ಚೆಂಡು ಯಾರ ಕಾಲಿಗೆ ಹೋಯಿತು, ಯಾರು ಕೆಡವಿದರು, ಎಲ್ಲವನ್ನೂ ಅದೇ ಕ್ಷಣದಲ್ಲಿ ದಾಖಲಿಸಬೇಕು. ಆ ದಾಖಲೆಯನ್ನು ಹೊರದೇಶದ ಕಂಪನಿಗಳು ಕೊಳ್ಳುತ್ತವೆ. ಅದನ್ನು ನೋಡಿ ಬಾಜಿ ಕಟ್ಟುವವರೂ ಇದ್ದಾರೆ.

ಒಂದು ಪಂದ್ಯಕ್ಕೆ ಇಬ್ಬರು. ಒಬ್ಬರು ಪರದೆ ನೋಡಿ ಕೂಗುತ್ತಾರೆ, ಇನ್ನೊಬ್ಬರು ಕೀಲಿ ಒತ್ತುತ್ತಾರೆ. ಪಕ್ಕದ ಮೇಜಿನ ಹಿಂದಿ ಕೂಗು ಬೆರೆಯದಿರಲೆಂದು ನಮ್ಮ ಮೇಜಿನವರು ಕನ್ನಡದಲ್ಲಿ ಕೂಗುತ್ತೇವೆ. ನಮ್ಮ ಶಿಫ್ಟ್ ಹೆಡ್ ಮಹಂತೇಶ್ ಸರ್ ಕಲಿಸಿದ ಇನ್ನೊಂದು ಪದ್ಧತಿಯೂ ನಮ್ಮ ಮೇಜಿಗೆ ಮಾತ್ರ ಉಂಟು. ಒತ್ತುವವರು ಪರದೆಗೆ ಬೆನ್ನು ಹಾಕಿ ಕೂರಬೇಕು. “ಒತ್ತೋನು ಪಂದ್ಯ ನೋಡಿದ್ರೆ ಯೋಚನೆ ಮಾಡ್ತಾನೆ. ಯೋಚನೆ ಮಾಡಿದ್ರೆ ತಡ ಆಗುತ್ತೆ,” ಎನ್ನುತ್ತಿದ್ದರು. ಕೂಗುವವರ ಕಿವಿಗೆ ಮೈದಾನದ ಸದ್ದಿನ ಹೆಡ್‌ಫೋನು. ಒತ್ತುವವರ ಕಿವಿ ಖಾಲಿ.

ಒಂದು ಪಂದ್ಯದಲ್ಲಿ ಸಾವಿರದೆಂಟುನೂರು ಸಲ ಒತ್ತುತ್ತೇವೆ. ಮನೆಗೆ ಬಂದಮೇಲೆ ಗೋಲು ಎಷ್ಟಾಯಿತು ಎಂದು ಕೇಳಿದರೆ ನಾನೂ ತಡವರಿಸುತ್ತೇನೆ. ಒಂಬತ್ತನೇ ತರಗತಿಯ ನಡುವೆ ಶಾಲೆ ಬಿಟ್ಟು, ಆಂಟಿಯ ಅತ್ತೆಯನ್ನು ನೋಡಿಕೊಳ್ಳಲು ದೆಹಲಿಗೆ ಬಂದವಳು ನಾನು. ಅಜ್ಜಿ ತೀರಿಕೊಂಡ ಮೇಲೆ ದಿಲೀಪಣ್ಣನೇ ನನ್ನನ್ನು ಈ ಆಫೀಸಿಗೆ ಕರೆದೊಯ್ದ. ಅಲ್ಲಿ ಮಾರ್ಕ್ಸ್ ಕಾರ್ಡ್ ಕೇಳಲಿಲ್ಲ. ಹತ್ತು ನಿಮಿಷದ ಪಂದ್ಯ ತೋರಿಸಿ, ಕಂಡದ್ದು ಹೇಳು ಎಂದರು. ಹೇಳಿದೆ. ಮರುದಿನ ಬಾ ಎಂದರು.

ಐಎನ್‌ಎ ಸ್ಟೇಷನ್ನಿನಲ್ಲಿ ಮೆಟ್ರೋ ಹತ್ತಿ ಮೂಲೆಯ ಸೀಟು ಹಿಡಿದೆ. ಆ ಪಂದ್ಯದ ವಿಡಿಯೋ ಹನ್ನೊಂದು ಸಲ ನೋಡಿದ್ದೆ.

ಮೊಂತೆಲಾರೊ ಮತ್ತು ಪಿಯಾನ್‌ವೆರ್ದೆ ಎಂಬ ಎರಡು ಊರು. ಮೈದಾನದ ಆಚೆ ಸಾಲಾಗಿ ಎತ್ತರದ ಮರ, ಅದರ ಹಿಂದೆ ಒಂದು ಕಟ್ಟಡ, ಮೂರನೇ ಮಹಡಿಯಲ್ಲಿ ಒಣಗಲು ಹಾಕಿದ ಕೆಂಪು ಚಾದರ. ಕಂಬಿಗೆ ಒರಗಿದ ಮುದುಕನೊಬ್ಬ ಪ್ರತಿ ಥ್ರೋಗೂ ಯಾರಿಗೋ ಬೈಯುತ್ತಾನೆ. ಅರವತ್ತಮೂರನೇ ನಿಮಿಷ ಮೂವತ್ತೊಂದನೇ ಸೆಕೆಂಡಿನಲ್ಲಿ ಮೊಂತೆಲಾರೊದ ಹತ್ತನೇ ನಂಬರಿನವನ ಕಾಲನ್ನು ಎದುರು ತಂಡದ ಗೋಲ್‌ಕೀಪರ್ ಎರಡೂ ಕೈಯಲ್ಲಿ ಹಿಡಿದು ಕೆಡವುತ್ತಾನೆ. ರೆಫ್ರಿಯ ಕೈ ಪೆನಾಲ್ಟಿಯ ಬಿಳಿ ಚುಕ್ಕೆಯತ್ತ ಹೋಗುತ್ತದೆ.

ನಮ್ಮ ದಾಖಲೆಯಲ್ಲಿ ಅದು ಅರವತ್ತಮೂರು, ಹನ್ನೆರಡು. ಆಗಿನ್ನೂ ಚೆಂಡು ಮೈದಾನದ ಆ ಬದಿಯಲ್ಲಿತ್ತು.

ಇಟಲಿಯಿಂದ ವಿಡಿಯೋ ನಮಗೆ ತಲುಪಲು ಇಪ್ಪತ್ತು ಇಪ್ಪತ್ತೈದು ಸೆಕೆಂಡು ಹಿಡಿಯುತ್ತದೆ. ಮೈದಾನದಲ್ಲೇ ನಿಂತವರು ಫೋನಿನಲ್ಲಿ ಹೇಳಿದರೆ ನಮ್ಮ ಪರದೆಗಿಂತ ಮೊದಲು ಗೊತ್ತಾಗುತ್ತದೆ, ಅಷ್ಟರಲ್ಲಿ ಬಾಜಿ ಕಟ್ಟಿ ಗೆಲ್ಲಬಹುದು. ದಿಲೀಪಣ್ಣನಿಗೆ ಹಾಗೆ ಯಾರೋ ಹೇಳಿದರು, ಅವನು ಅವಸರದಲ್ಲಿ ಒತ್ತಿಬಿಟ್ಟ ಎಂಬುದೇ ಕಂಪನಿಯ ಆರೋಪ.

ಚೀಲದಿಂದ ಪ್ರಿಂಟ್ ತೆಗೆದೆ. ಕಂಪನಿಯವರು ನೋಡಿದ್ದು ಗಿರಾಕಿಗೆ ಹೋಗುವ ವರದಿಯನ್ನು. ಅದರಲ್ಲಿ ಎಲ್ಲ ಸಾಲುಗಳೂ ಒಂದೇ ಅಚ್ಚಿನಲ್ಲಿರುತ್ತವೆ. ಕಚ್ಚಾ ದಾಖಲೆ ಹಾಗಲ್ಲ. ಯಾವ ಕೀಲಿ ಮೊದಲು, ಯಾವುದು ಆಮೇಲೆ ಎಂಬುದು ಅದರಲ್ಲಿ ಉಳಿದಿರುತ್ತದೆ.

ಅಪೂರ್ವ ಕೂಗುವುದು “ಏಳು, ಪಾಸ್” ಎಂದು. ಮೊದಲು ನಂಬರ್, ಆಮೇಲೆ ಆಟ. ಈಗ ನಾವೆಲ್ಲರೂ ಹಾಗೇ. ಕೇಳಿದ ಕ್ರಮದಲ್ಲೇ ಕೈ ಒತ್ತುತ್ತದೆ. ಮೊದಲರ್ಧ ಪೂರ್ತಿ ಸಾಲುಗಳು ಹಾಗೇ ಇದ್ದವು.

ನಲವತ್ತಾರನೇ ನಿಮಿಷದಿಂದ ತಿರುಗುಮುರುಗಾಗಿದ್ದವು. ಪಾಸ್, ಆರು. ಪಾಸ್, ಎಂಟು. ಹೆಡ್, ಐದು. ಅರವತ್ತಾರನೇ ನಿಮಿಷದಿಂದ ಮತ್ತೆ ಮೊದಲಿನಂತೆ.

ಆ ಇಪ್ಪತ್ತು ನಿಮಿಷ ಕೂಗಿದ್ದು ಅಪೂರ್ವ ಅಲ್ಲ. ಆಟ ಮೊದಲು, ನಂಬರ್ ಆಮೇಲೆ ಎಂದು ಕೂಗುವವರು ಇಡೀ ಮಹಡಿಯಲ್ಲಿ ಒಬ್ಬರೇ, ಮಹಂತೇಶ್ ಸರ್.

ದಿಲೀಪಣ್ಣನ ಮೇಲೆ ದೂರು ಬರೆದವರೂ ಅವರೇ.

*

ಸಿಕಂದರ್‌ಪುರ್ ಸ್ಟೇಷನ್ನಿನ ಮೆಟ್ಟಿಲ ಕೆಳಗೆ ಅಪೂರ್ವ ಕಾಯುತ್ತಿದ್ದಳು. ಕೈಯಲ್ಲಿ ಸುಟ್ಟ ಶೇಂಗಾದ ಪೊಟ್ಟಣ.

“ಅರೇ, ಮುಖ ನೋಡು ಇವಳದ್ದು! ಬೋರ್ಡ್ ಎಕ್ಸಾಮ್‌ಗೆ ಹೊರಟಂಗಿದೆ. ತಿನ್ನು.”

ಅಪೂರ್ವ ಹುಟ್ಟಿ ಬೆಳೆದದ್ದು ದೆಹಲಿಯಲ್ಲೇ. ಅವಳ ಕನ್ನಡದಲ್ಲಿ ಅರ್ಧ ಹಿಂದಿ. ಆಫೀಸಿನಲ್ಲಿ ನನಗಾಗಿ ಮಾತಾಡುವವಳು ಅವಳು. ರಜೆ ಕೇಳಬೇಕಾದರೂ, ಕ್ಯಾಬ್ ಡ್ರೈವರ್ ದಾರಿ ತಪ್ಪಿದರೂ ನಾನು ಅವಳ ತೋಳು ಹಿಡಿಯುತ್ತೇನೆ, ಅವಳು ಬಾಯಿ ತೆರೆಯುತ್ತಾಳೆ.

ಶೇರ್ ಆಟೋದಲ್ಲಿ ಕೂತ ಮೇಲೆ ಅವಳ ಕಿವಿಯ ಹತ್ತಿರ ಹೇಳಿದೆ. “ಸೆಕೆಂಡ್ ಹಾಫ್ ಶುರುವಾದಾಗ ನೀನು ಕುರ್ಚಿಯಲ್ಲಿ ಇರಲಿಲ್ಲ.”

ಶೇಂಗಾ ಸುಲಿಯುತ್ತಿದ್ದ ಅವಳ ಬೆರಳು ನಿಂತಿತು.

“ಯಾರು ಹೇಳಿದ್ರು? ದಿಲೀಪ್?”

“ಇಲ್ಲ. ದಾಖಲೆ.”

“ದಾಖಲೆನಾ? ತೂ ಭೀ ನಾ...” ಅವಳು ಒಮ್ಮೆ ಹೊರಗೆ ನೋಡಿ ತಿರುಗಿದಳು. “ಸುನ್, ಯಾರಿಗೂ ಹೇಳ್ಬೇಡ. ಹೊಟ್ಟೆನೋವು ಬಂದಿತ್ತು. ಮಹಂತೇಶ್ ಸರ್ ನೀನು ಹೋಗಮ್ಮ, ನಾನು ಕೂತ್ಕೋತೀನಿ ಅಂದ್ರು. ಶಿಫ್ಟ್ ಹೆಡ್ ಕೂಗಂಗಿಲ್ಲ ಅಂತ ರೂಲ್ ಇದೆಯಲ್ಲ, ಅದಕ್ಕೆ ಚುಪ್ ಇದ್ದೀನಿ. ಪಾಪ, ನಂಗೋಸ್ಕರ ಕೂತಿದ್ರು.”

“ನೀನು ವಾಪಸ್ ಬಂದಿದ್ದು?”

“ಅರವತ್ತಾರನೇ ನಿಮಿಷ. ಪೆನಾಲ್ಟಿ ಗೋಲ್ ಆಗೋಗಿತ್ತು. ಅಲ್ಲಿವರೆಗೆ ಕೆಳಗೆ ಫಾರ್ಮಸಿಯಲ್ಲಿದ್ದೆ.” ಅವಳು ನನ್ನ ಮಂಡಿಯ ಮೇಲೆ ಕೈ ಇಟ್ಟಳು. “ಸರ್ ಮುಂದೆ ನೀನು ತೊದಲ್ತೀಯಾ. ನಾನೇ ಬಾತ್ ಮಾಡ್ತೀನಿ, ಚಲೋ?”

ಬೇಡ ಎನ್ನಲಿಲ್ಲ. ಅವಳು ಜೊತೆಗಿದ್ದರೆ ಧೈರ್ಯ ಎನಿಸಿತು.

*

ನಾಲ್ಕೂ ಇಪ್ಪತ್ತಕ್ಕೆ ಮಹಂತೇಶ್ ಸರ್ ಮರುವೀಕ್ಷಣೆಯ ಕೋಣೆಯಲ್ಲಿದ್ದರು. ಗೋಡೆಯ ತುಂಬ ಪರದೆ, ಉದ್ದ ಮೇಜು, ಅದರ ಮೇಲೆ ಫ್ಲಾಸ್ಕು. ಪಕ್ಕದಲ್ಲಿ ಕಂಪನಿಯ ಮುದ್ರೆ ಇದ್ದ ಒಂದು ಹಾಳೆ. ಓದದೆಯೂ ಗೊತ್ತಾಯಿತು, ಅದೇ ತಪ್ಪೊಪ್ಪಿಗೆ.

“ಬಾರಮ್ಮ ರತ್ನಾ. ಇವತ್ತು ನಿನ್ನ ಪಾಳಿ ಇಲ್ವಲ್ಲ?”

“ಇವಳು ಏನೋ ತೋರಿಸ್ಬೇಕಂತೆ ಸರ್,” ಎಂದಳು ಅಪೂರ್ವ. “ಮಾತಾಡಲ್ಲ, ನಿಮಗೆ ಗೊತ್ತಲ್ಲ. ಮೂಕಿ ಪಿಕ್ಚರ್.”

“ನಾನೇ ಹೇಳ್ತೀನಿ,” ಎಂದೆ.

ಅಪೂರ್ವ ನನ್ನತ್ತ ತಿರುಗಿದಳು. ಆಮೇಲೆ ಹಿಂದೆ ಸರಿದು ಗೋಡೆ ಪಕ್ಕದ ಕುರ್ಚಿಯಲ್ಲಿ ಕೂತಳು.

ನಾನು ಮಾತಾಡುವ ಬದಲು ಪ್ರಿಂಟಿನ ಮೂರು ಹಾಳೆ ಮೇಜಿನ ಮೇಲೆ ಹರಡಿದೆ. ನಲವತ್ತಾರನೇ ನಿಮಿಷದ ಮೇಲೆ ಬೆರಳಿಟ್ಟೆ. ಅರವತ್ತಾರರ ಮೇಲೆ ಇನ್ನೊಂದು ಬೆರಳು.

ಸರ್ ಕನ್ನಡಕ ಹಾಕಿಕೊಂಡರು. ಎರಡು ಸಾಲು ಓದುವಷ್ಟರಲ್ಲಿ ಅವರಿಗೆ ಅರ್ಥವಾಯಿತು. ಹನ್ನೊಂದು ವರ್ಷದಿಂದ ಕೂಗಿದವರಿಗೆ ತಮ್ಮ ಬಾಯಿಯ ಗುರುತು ಗೊತ್ತಿರುವುದಿಲ್ಲವೇ?

“ಸರ್, ಈ ಇಪ್ಪತ್ತು ನಿಮಿಷ ನೀವು ಕೂಗಿದ್ದು.”

“ಹೌದು.”

ಇಷ್ಟು ಬೇಗ ಒಪ್ಪಿಕೊಳ್ಳುತ್ತಾರೆಂದು ಎಣಿಸಿರಲಿಲ್ಲ.

“ದೂರಿನಲ್ಲಿ ಅಪೂರ್ವ ಅಂತ ಬರೆದಿದ್ದೀರಿ.”

“ಬರೆದಿದ್ದೀನಿ. ಮೂರು ಮೇಜು ನೋಡ್ಕೋಬೇಕಾದೋನು ಒಂದೇ ಮೇಜಿನಲ್ಲಿ ಕೂತಿದ್ದ ಅಂತ ಮೇಲೆ ಗೊತ್ತಾದ್ರೆ ನನ್ನ ಕೆಲಸ ಹೋಗುತ್ತೆ. ದಿಲೀಪನಿಗೂ ಹೇಳಿದ್ದೆ, ಇದೊಂದು ಬಾಯಿ ಬಿಡಬೇಡಪ್ಪಾ ಅಂತ. ಅವನು ಬಿಟ್ಟಿಲ್ಲ. ಒಳ್ಳೇ ಹುಡುಗ.”

“ಒಳ್ಳೇ ಹುಡುಗನಿಗೆ ಆ ಹಾಳೆ ಬರೆದಿದ್ದೀರಿ.”

ನನ್ನ ಮಾತು ಪೂರ್ತಿ ಹೊರಗೆ ಬಂತು.

ಸರ್ ಮುಖ ಕೆಂಪಾಯಿತು. “ನಾನು ಕೂಗಿದ್ದು ಪರದೆಯಲ್ಲಿ ಕಂಡಿದ್ದು ರತ್ನಾ. ಆಗದ ಪೆನಾಲ್ಟಿ ನಾನು ಕೂಗಿಲ್ಲ. ನನ್ನ ಬಾಯಿಂದ ಬಂದಿದ್ದು ಅಂತಾನೇ ನೀನು ಹೇಳೋಕೆ ಬಂದಿದ್ದು, ಅಲ್ವಾ? ಓದು ಹಾಗಾದ್ರೆ. ಜೋರಾಗಿ ಓದು. ಅರವತ್ತಮೂರು.”

ನಾನು ಓದಿದೆ. “ಪಾಸ್, ಆರು. ಪಾಸ್, ಹನ್ನೊಂದು. ಕ್ಲಿಯರ್, ಮೂರು...”

“ಮುಂದೆ?”

“ಹತ್ತು, ಪೆನಾಲ್ಟಿ.”

ಓದಿದ ಮೇಲೆ ಕೇಳಿಸಿತು. ಹತ್ತು ಮೊದಲು. ಪೆನಾಲ್ಟಿ ಆಮೇಲೆ.

ಮೂರು ದಿನದಿಂದ ಎಲ್ಲರೂ ಆ ಒಂದು ಸಾಲಿನ ಸಮಯವನ್ನು ನೋಡಿದ್ದರು. ನಾನೂ ಅದನ್ನೇ ನೋಡಿದ್ದೆ. ಅಕ್ಕಪಕ್ಕದ ನೂರು ಸಾಲುಗಳ ಕ್ರಮ ನೋಡಿದವಳು ಅದೊಂದನ್ನು ಬಿಟ್ಟಿದ್ದೆ.

“ನನ್ನ ಜನ್ಮದಲ್ಲೇ ನಾನು ನಂಬರ್ ಮೊದಲು ಕೂಗಿಲ್ಲ,” ಎಂದರು ಸರ್. “ಅದು ನನ್ನ ಮಾತಲ್ಲ. ಹಾಗಾದ್ರೆ ಯಾರದ್ದು? ಒತ್ತಿದೋನದ್ದೇ. ಅವನೂ ಕೂಗೋಕೆ ಕೂತಾಗ ನಂಬರೇ ಮೊದಲು ಹೇಳೋದು. ಫೋನಿನಲ್ಲಿ ಕೇಳಿದ್ದಾನೆ, ತನ್ನ ಅಭ್ಯಾಸದಂತೆ ಒತ್ತಿದ್ದಾನೆ. ನೀನು ಅವನನ್ನು ಉಳಿಸೋಕೆ ಬಂದು ಇನ್ನೂ ಬಿಗಿಯಾಗಿ ಕಟ್ಟಿದೆಯಲ್ಲಮ್ಮ.”

ಹಿಂದಿನಿಂದ ಅಪೂರ್ವ ಮೆತ್ತಗೆ ಹೇಳಿದಳು, “ಬಿಡೇ ರತ್ನಾ. ನೀನು ಮಾಡೋಷ್ಟು ಮಾಡಿದೆ. ಸಹಿ ಹಾಕ್ಲಿ, ಪೊಲೀಸ್ ತಪ್ಪುತ್ತೆ. ಮನೇಗೆ ಹೋಗೋಣ.”

ಗಡಿಯಾರ ನಾಲ್ಕೂ ಮೂವತ್ತೆಂಟು ತೋರಿಸುತ್ತಿತ್ತು.

ಹಾಳೆ ಮಡಿಸಲು ಕೈ ಹಾಕಿದವಳು ಮಡಿಸಲಿಲ್ಲ. ಒಂದು ಸಾಲು ಬಿಟ್ಟಿದ್ದೆ ಎಂದ ಮೇಲೆ ಇನ್ನೊಂದನ್ನೂ ಬಿಟ್ಟಿರಬಹುದು. ಅರವತ್ತಮೂರು ಹನ್ನೆರಡರಿಂದ ಕೆಳಗೆ, ಒಂದೊಂದೇ ಸಾಲಿಗೆ ಉಗುರು ಇಟ್ಟು ಇಳಿದೆ. ಪಾಸ್, ಎಂಟು. ಪಾಸ್, ಏಳು. ಓಟ, ಹತ್ತು.

ಅಲ್ಲಿ ಇತ್ತು.

“ಸರ್. ಅರವತ್ತಮೂರು, ಮೂವತ್ತಮೂರು.”

“ಏನದು?”

“ಪೆನಾಲ್ಟಿ, ಹತ್ತು.”

ಸರ್ ಹಾಳೆಯನ್ನು ಕೈಗೆತ್ತಿಕೊಂಡರು.

“ಎರಡನೇ ಸಲ,” ಎಂದೆ. “ವರದಿಯಲ್ಲಿ ಇದು ಇಲ್ಲ. ಒಬ್ಬನೇ ಆಟಗಾರನ ಹೆಸರಲ್ಲಿ ಒಂದೇ ಸಂಗತಿ ಅರ್ಧ ನಿಮಿಷದೊಳಗೆ ಎರಡು ಸಲ ಬಂದ್ರೆ ಎರಡನೆಯದನ್ನ ಯಂತ್ರ ತಾನೇ ತೆಗೆದುಬಿಡುತ್ತೆ. ಇಲ್ಲಿ ಮಾತ್ರ ಉಳಿದಿದೆ. ಇದು ನೀವು ಕೂಗಿದ್ದು.”

“ಹೌದು. ಇದು ನನ್ನದು. ಗೋಲ್‌ಕೀಪರ್ ಕಾಲು ಹಿಡಿದ ತಕ್ಷಣ ಕೂಗಿದೆ.”

“ಅಣ್ಣನೇ ಬೇಕಂತ ಮೊದಲು ಒತ್ತಿದ್ರೆ, ನೀವು ಕೂಗಿದಾಗ ಮತ್ತೆ ಯಾಕೆ ಒತ್ತುತ್ತಾರೆ? ಒತ್ತಿ ಆಗಿದೆ ಅಂತ ಗೊತ್ತಿರೋರು ಸುಮ್ಮನೆ ಇರ್ತಾರೆ. ಅವರಿಗೆ ಗೊತ್ತಿರಲಿಲ್ಲ. ಒಂದು ಸಲ ಕೇಳಿಸ್ತು, ಒತ್ತಿದ್ರು. ಇನ್ನೊಂದು ಸಲ ಕೇಳಿಸ್ತು, ಒತ್ತಿದ್ರು.”

ಒಂದೇ ಉಸಿರಿಗೆ ಇಷ್ಟು ಮಾತು ನಾನು ಯಾವತ್ತೂ ಆಡಿರಲಿಲ್ಲ.

ಸರ್ ಕನ್ನಡಕ ತೆಗೆದರು. ಅವರ ದನಿ ಇಳಿದಿತ್ತು. “ಎರಡು ಬಾಯಿ ಇತ್ತು ಅಂತೀಯಾ.”

“ಒಂದು ನಿಮ್ಮದು. ಇನ್ನೊಬ್ಬರು ಅಣ್ಣನ ಹತ್ತಿರ ಬಂದು ನಿಂತಿದ್ರು. ಕಿವಿಗೆ ಫೋನು ಇತ್ತು. ಮೈದಾನದಿಂದ ಪೆನಾಲ್ಟಿ ಅಂತ ಕೇಳಿಸಿದ ತಕ್ಷಣ ಬಾಯಿ ತಾನಾಗಿ ಕೂಗಿಬಿಟ್ಟಿತು. ದಿನಾ ಕೂಗೋರ ಬಾಯಿ ಅದು. ಬೇರೆಯವರಾಗಿದ್ರೆ ಕೇಳಿಸಿಕೊಂಡು ಸುಮ್ಮನಿರ್ತಿದ್ರು.”

“ನನಗೆ ಕೇಳಿಸಲಿಲ್ವಲ್ಲ!”

“ನಿಮ್ಮ ಕಿವಿಗೆ ಹೆಡ್‌ಫೋನ್ ಇತ್ತು ಸರ್.”

ಅವರು ಕೂತರು. ಕುರ್ಚಿ ಕಿರುಗುಟ್ಟಿತು. ದಿಲೀಪಣ್ಣ ತಪ್ಪು ಮಾಡಿದ್ದಾನೆಂದು ಅವರು ನಿಜವಾಗಿಯೂ ನಂಬಿದ್ದರು. ಬೆಳಿಗ್ಗೆಯಿಂದ ಅವರನ್ನೇ ಕಳ್ಳ ಎಂದುಕೊಂಡಿದ್ದ ನನಗೆ ಅವರ ಮುಖ ನೋಡಲು ನಾಚಿಕೆಯಾಯಿತು.

“ನಮ್ಮ ಮೇಜಿನಲ್ಲಿ ಕನ್ನಡದಲ್ಲಿ ಕೂಗೋರು ನಾಲ್ಕೇ ಜನ,” ಎಂದರು ನಿಧಾನವಾಗಿ. “ನಾನು. ದಿಲೀಪ. ನೀನು ಆವತ್ತು ರಜ.”

ನಾಲ್ಕನೆಯ ಹೆಸರು ಅವರು ಹೇಳಲಿಲ್ಲ. ನಾನೂ ಹೇಳಲಿಲ್ಲ. ಇಬ್ಬರೂ ಗೋಡೆ ಪಕ್ಕದ ಕುರ್ಚಿಯತ್ತ ತಿರುಗಿದೆವು.

“ಕ್ಯಾ? ನನ್ನ ಮೇಲೆ ಶಕ್ಕಾ?” ಅಪೂರ್ವ ನಕ್ಕಳು. ನಗು ಸರಿಯಾಗಿಯೇ ಇತ್ತು, ಆದರೆ ಒಂದು ಗಳಿಗೆ ತಡವಾಗಿ ಬಂತು. “ರತ್ನಾ, ನಾನು ಫಾರ್ಮಸಿಯಲ್ಲಿದ್ದೆ ಅಂತ ಹೇಳಿದ್ನಲ್ಲೇ. ನನ್ನ ತಟ್ಟೆಯಲ್ಲೇ ಊಟ ಮಾಡಿ ನನ್ನ ಮೇಲೇ...”

ಅವಳು ಮಾತು ಮುಗಿಸುವ ಮೊದಲೇ ಬಾಗಿಲು ತೆರೆದುಕೊಂಡಿತು.

*

ಮುಂದೆ ಅಂಕಲ್, ಹಿಂದೆ ದಿಲೀಪಣ್ಣ. ಮೂರು ದಿನದ ಗಡ್ಡ, ಬೂದು ಸ್ವೆಟರು. ನಾಲ್ಕೂ ಐವತ್ತು.

“ಪೇಪರ್ ಕೊಡಿ ಸರ್,” ಎಂದ ದಿಲೀಪಣ್ಣ.

“ಕೂತ್ಕೋಪ್ಪಾ ಸ್ವಲ್ಪ. ಇಲ್ಲಿ ಒಂದು ವಿಷಯ...”

“ಬೇಡ ಸರ್. ಕೊಟ್ಬಿಡಿ.”

ಸರ್ ಮುದ್ರೆಯ ಹಾಳೆಯ ಮೇಲೆ ಅಂಗೈ ಇಟ್ಟುಕೊಂಡರು. ಅಂಕಲ್ ಒಬ್ಬೊಬ್ಬರ ಮುಖವನ್ನೂ ನೋಡಿದರು. “ಏನ್ ನಡೀತಿದೆ ಇಲ್ಲಿ? ರತ್ನಾ?”

“ಅಂಕಲ್, ಅಣ್ಣ ತಾನಾಗಿ ಒತ್ತಿಲ್ಲ. ಯಾರೋ ಪಕ್ಕದಲ್ಲಿ ನಿಂತು ಹೇಳಿದ್ದನ್ನ ಒತ್ತಿದ್ದಾರೆ. ದಾಖಲೆಯಲ್ಲಿ ಎರಡು ಪೆನಾಲ್ಟಿ ಇದೆ.” ನಾನು ಹಾಳೆಯನ್ನು ದಿಲೀಪಣ್ಣನ ಮುಂದೆ ಸರಿಸಿದೆ. ಎರಡು ಸಾಲಿಗೂ ಪೆನ್ಸಿಲಿನಲ್ಲಿ ಗುರುತು ಹಾಕಿದ್ದೆ.

ಅವನು ಓದಿದ.

ಚೆಂಡು ಯಾರ ಕಾಲಿಗೆ ತಾಗಿತೆಂದು ನೋಡುವ ಹಾಗೆ ನಾನು ಅವನ ಮುಖವನ್ನು ನೋಡುತ್ತಿದ್ದೆ. ಆಶ್ಚರ್ಯ ಬರಬೇಕಿತ್ತು. ಬರಲಿಲ್ಲ. ಮೊದಲೇ ಓದಿದ ಪತ್ರವನ್ನು ಇನ್ನೊಮ್ಮೆ ಓದುವವನಂತೆ ಓದಿ, ಹಾಳೆಯನ್ನು ನನ್ನ ಕಡೆಗೇ ತಳ್ಳಿದ.

ಅವನಿಗೆ ನೆನಪಿತ್ತು. ಮೊದಲಿನಿಂದಲೂ ನೆನಪಿತ್ತು.

“ಎರಡಲ್ಲ, ಹತ್ತು ಇರ್ಲಿ,” ಎಂದ. “ಕೈ ನಂದು.”

“ಬಾಯಿ ನಂದಲ್ಲ ಅಂತ ಹೇಳೋ!” ಅಂಕಲ್ ಕೂಗಿದರು. ಬೆಳಿಗ್ಗೆ ಸಹಿ ಹಾಕು ಎಂದಿದ್ದವರು ಈಗ ಮಗನ ತೋಳು ಹಿಡಿದು ಅಲುಗಾಡಿಸಿದರು. “ಯಾರನ್ನ ಕಾಯ್ತಿದ್ದೀಯೋ? ಅಲ್ಲಿ ಮನೇಲಿ ನಿಮ್ಮಮ್ಮ ಹುಳುಕು ಯಾವುದು, ಕಾಳು ಯಾವುದು ಗೊತ್ತಾಗದೆ ಕೂತಿದ್ದಾಳೆ. ಯಾರೋ ಅದು?”

“ಹೆಸರು ಹೇಳು ದಿಲೀಪ,” ಎಂದರು ಮಹಂತೇಶ್ ಸರ್. “ನಾನು ಆ ಕುರ್ಚಿಯಲ್ಲಿ ಕೂತಿದ್ದೆ ಅಂತ ಈಗಲೇ ಮೇಲಕ್ಕೆ ಹೋಗಿ ಒಪ್ಕೋತೀನಿ. ನನ್ನ ಕೆಲಸ ಹೋದ್ರೆ ಹೋಗ್ಲಿ. ಈ ಹಾಳೆ ಹರಿದು ಹಾಕ್ತೀನಿ. ಒಂದು ಹೆಸರು.”

ದಿಲೀಪಣ್ಣ ತಲೆ ಎತ್ತಿ ಅಪೂರ್ವಳನ್ನು ನೋಡಿದ.

ಅವಳು ಕುರ್ಚಿಯಿಂದ ಎದ್ದು ಗೋಡೆಗೆ ಒರಗಿ ನಿಂತಿದ್ದಳು. ಯಾವ ಮೌನವನ್ನೂ ಎರಡು ನಿಮಿಷ ಉಳಿಯಲು ಬಿಡದವಳು ತುಟಿ ಕಚ್ಚಿಕೊಂಡಿದ್ದಳು. ಅವಳ ತಲೆ ಅಲುಗಿತು. ಒಂದೇ ಸಲ, ಎಷ್ಟು ಸಣ್ಣಗೆಂದರೆ ಬೇರೆ ಯಾರಿಗೂ ಕಾಣಲಿಲ್ಲ. ಬೇಡ ಎಂದಳೋ, ಹಾಕು ಎಂದಳೋ ನನಗೆ ತಿಳಿಯಲಿಲ್ಲ. ಅವನಿಗೆ ತಿಳಿಯಿತು.

ಅವನು ಅಪ್ಪನ ಜೇಬಿನಿಂದ ಪೆನ್ನು ತೆಗೆದುಕೊಂಡ. ಸರ್ ಅಂಗೈಯ ಕೆಳಗಿನಿಂದ ಹಾಳೆಯನ್ನು ಎಳೆದ. ಸರ್ ತಡೆಯಲಿಲ್ಲ. ತಡೆಯಬೇಕೆಂದು ಅವರಿಗೆ ಹೊಳೆಯುವಷ್ಟರಲ್ಲಿ ಅದು ಅವನ ಮುಂದಿತ್ತು.

ಪೆನ್ನಿನ ಮೊನೆ ಹಾಳೆಗೆ ತಾಗಿ ಶಾಯಿಯ ಒಂದು ಚುಕ್ಕೆ ಮೂಡಿತು.

“ದಿಲೀಪಣ್ಣ,” ಎಂದೆ. “ನಿಮ್ಮ ಹಿಂದೆ ನಿಂತು ಕೂಗಿದವರ ಹೆಸರು ಹೇಳಿ.”

ಅವನು ಅಪೂರ್ವಳತ್ತ ಇನ್ನೊಮ್ಮೆ ನೋಡಿ, ಆ ಚುಕ್ಕೆಯಿಂದಲೇ ಸಹಿ ಎಳೆದ.